ಮುಂದಿನ ಚಕ್ರಗಳಿಗೆ ಕೆಲಸ ಕೊಟ್ಟ ವರ್ಷ

ನಮ್ಮ ಪಿಕಪ್ಪಿಗೆ ಚಕ್ರ ನಾಲ್ಕಿದ್ದರೂ ದುಡಿಯುತ್ತಿದ್ದವು ಹಿಂದಿನ ಎರಡು ಮಾತ್ರ. ಮುಂದಿನವೆರಡು ಎತ್ತ ಹೋಗಬೇಕೆಂದು ತೋರಿಸುತ್ತವೆ, ಎಳೆಯುವುದಿಲ್ಲ. ಇಂಜಿನ್ನಿನ ಶಕ್ತಿ ಅವುಗಳ ತನಕ ಬರುವುದೇ ಇಲ್ಲ ಎಂದು ಇವರು ಒಮ್ಮೆ ವಿವರಿಸಿದಾಗ ನನಗೆ ನಮ್ಮ ಕಡೆಯ ಮದುವೆಗಳಲ್ಲಿ ಶಾಲು ಹೊದ್ದು ಚಪ್ಪರದ ಬಾಗಿಲಲ್ಲಿ ನಿಂತು ಊಟದ ಮನೆಗೆ ದಾರಿ ತೋರಿಸುವ ಗಂಡಸರು ನೆನಪಾದರು. ಹಾಗೆಂದು ಹೇಳಿಯೂ ಬಿಟ್ಟೆ. ಗಾಡಿಯ ಕೆಳಗೆ ನುಗ್ಗಿದ ಇವರು ಹೊರಗೆ ಬಂದದ್ದು ಸಂಜೆಗೆ.

ಇವರು ಅಂದರೆ ನನ್ನ ಗಂಡ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ರಿಟೈರಾದ ಮೇಲೂ ಯಾವುದಾದರೊಂದು ಗಾಡಿಯ ಕೆಳಗೆ ಅರ್ಧ ಗಂಟೆ ಮಲಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಸುಂಟಿಕೊಪ್ಪದಿಂದ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ. ಮೇಲೆ ಮನೆ ಮತ್ತು ಕಾಫಿ ಒಣಗಿಸುವ ಕಣ. ಕೆಳಗೆ ನೀರು ಹರಿಯುವ ತೋಡಿನ ಪಕ್ಕದಲ್ಲಿ ಚೆನ್ನಾಗಿ ಹಣ್ಣು ಬಿಡುವ ರೊಬಸ್ಟಾ ಗಿಡಗಳು. ಎರಡರ ನಡುವೆ ಒಂದು ಏರು. ನಡೆದು ಹತ್ತುವಾಗ ನನ್ನ ಮೂಗು ನನ್ನ ಮೊಣಕಾಲಿಗೆ ತಾಗುತ್ತದೆ ಎಂದರೆ ಅದು ಎಂಥ ಏರು ಎಂದು ಅಂದಾಜು ಮಾಡಿಕೊಳ್ಳಿ.

ಪಿಕಪ್ಪು ಹಳೆಯದು, ಭಾರದ್ದು. ಯಾವುದೋ ಅಕ್ಕಿ ಗಿರಣಿಯಲ್ಲಿ ದುಡಿದು ದಣಿದ ಮೇಲೆ ನಮ್ಮ ಮನೆ ಸೇರಿದ್ದು. ಸಮತಟ್ಟಿನಲ್ಲಿ ಎಷ್ಟು ಮೂಟೆ ಹೇರಿದರೂ ಹೊರುತ್ತದೆ. ಆದರೆ ಕೆಳಗಿನಿಂದ ಹಣ್ಣಿನ ಮೂಟೆ ಹೇರಿಕೊಂಡು ಏರಿನ ಅರ್ಧಕ್ಕೆ ಬಂದರೆ, ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ತಮಗೆ ಬೇಕಾದಂತೆ ಎರಡು ಗುಂಡಿ ತೋಡಿ ಅದರಲ್ಲಿ ಕೂತುಬಿಡುತ್ತಿದ್ದವು.

ಹಾಗಾಗಿ ಪ್ರತಿ ವರ್ಷವೂ ಹಣ್ಣು ಕೀಳುವ ಪಿಕ್ಕಿಂಗ್ ಶುರುವಾಗುವ ಮೊದಲು ನಾನು ಅಕ್ಕನ ಮನೆಗೆ ಹೋಗಿ ಜೀಪು ಕೇಳಬೇಕಿತ್ತು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಇವರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಭಾವ ತೀರಿಕೊಂಡ ಮೇಲೆ ತೋಟ, ಡ್ರೈವರ್, ನಾಲ್ಕೂ ಚಕ್ರ ದುಡಿಯುವ ಜೀಪು, ಮೂರನ್ನೂ ಅವರೇ ನೋಡಿಕೊಳ್ಳುತ್ತಾರೆ. ಜೀಪಿನ ಕೀ ಸೆರಗಿನ ತುದಿಯಲ್ಲಿ ಗಂಟು ಹಾಕಿರುತ್ತದೆ. ಅವರ ಮನೆ ತೋಡಿನ ಆಚೆ ದಿಬ್ಬದ ಮೇಲೆ. ಅಲ್ಲಿಯ ಅಂಗಳದಲ್ಲಿ ನಿಂತರೆ ನಮ್ಮ ಏರು ಬುಡದಿಂದ ತುದಿಯವರೆಗೆ ಕಾಣುತ್ತದೆ. ನಮ್ಮ ಪಿಕಪ್ಪು ಎಷ್ಟು ಸಲ ಹೂತುಕೊಂಡಿದೆ ಎನ್ನುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಜೀಪು ಕೇಳುವುದಕ್ಕೂ ಒಂದು ಕ್ರಮವಿತ್ತು. ಅಂಗಳದ ಬೆಂಚಿನ ಮೇಲೆ ನನ್ನನ್ನು ಕೂರಿಸುತ್ತಿದ್ದರು. ದಪ್ಪ ಹಲಗೆ, ಮೇಲೆ ಹಳೆಯ ಕಂಬಳಿ, ಕೆಳಗೆ ಕಾಲಿಗೆ ತಾಗಿದರೆ ತಣ್ಣಗೆ ಕೊರೆಯುವ ಕಬ್ಬಿಣ. ಮೊದಲು ಬೆಲ್ಲದ ಕಾಫಿ. ಆಮೇಲೆ ಅವರ ಮಂಡಿನೋವು. ಆಮೇಲೆ ನನ್ನ ಗಂಡ ಚಿಕ್ಕಂದಿನಲ್ಲಿ ಎಂಥ ಪೆದ್ದನಾಗಿದ್ದ ಎನ್ನುವುದಕ್ಕೆ ಎರಡು ಉದಾಹರಣೆ; ಪ್ರತಿ ವರ್ಷ ಹೊಸವು. ಇಷ್ಟೂ ಮುಗಿದು ನಾನು ಬಾಯಿ ತೆರೆಯುವ ಮೊದಲೇ ಅವರು ಸೆರಗಿನ ಗಂಟು ಬಿಚ್ಚುತ್ತಾ ಹೇಳುತ್ತಿದ್ದದ್ದು ಒಂದೇ ಮಾತು.

"ಎರಡು ಚಕ್ರದ ಗಾಡಿ ಇಟ್ಕಂಡು ಇನ್ನೆಷ್ಟು ವರ್ಷ ಅಂತ ಸಂಸಾರ ಮಾಡ್ತೀಯ ಮಾರಾಯ್ತಿ."

ಜೀಪು ಕೊಡಲಿಲ್ಲ ಎಂದು ಒಂದು ವರ್ಷವೂ ಆದದ್ದಿಲ್ಲ. ಆದರೆ ಆ ಮಾತು ಕೇಳಿಸಿಕೊಂಡು ಏರು ಹತ್ತಿ ಮನೆಗೆ ಬರುವಷ್ಟರಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಎರಡು ವರ್ಷದ ಹಿಂದೆ ಪಿಕ್ಕಿಂಗ್ ಮುಗಿದ ದಿನವೇ ನಿರ್ಧಾರ ಮಾಡಿದೆ. ಇನ್ನು ಮುಂದೆ ಆ ಬೆಂಚಿನ ಮೇಲೆ ಕೂತು ನಾನು ಏನನ್ನೂ ಕೇಳುವುದಿಲ್ಲ.

ಅದಕ್ಕೆ ದಾರಿ ನಮ್ಮ ಸೌದೆ ಕೊಟ್ಟಿಗೆಯಲ್ಲೇ ಬಿದ್ದಿತ್ತು. ನಮ್ಮ ಮಾವನವರ ಕಾಲದ ಒಂದು ಜೀಪಿತ್ತು. ಅವರು ಹೋದ ಮೇಲೆ ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡಾಗ ತೋಟ, ಪಾತ್ರೆ, ದನ ಎಲ್ಲ ಸಲೀಸಾಗಿ ಹಂಚಿಹೋಯಿತು. ಜೀಪು ಯಾರಿಗೆ ಎನ್ನುವಲ್ಲಿ ಇಬ್ಬರೂ ನೀನೇ ಇಟ್ಟುಕೋ ಎಂದರು. ಅಷ್ಟು ಹೊತ್ತಿಗೆ ಅದು ಓಡುತ್ತಿರಲಿಲ್ಲ, ತುಕ್ಕು ಹಿಡಿದು ನಿಂತಿತ್ತು. ಅಪ್ಪನ ನೆನಪು, ಒಬ್ಬನೇ ತೆಗೆದುಕೊಂಡರೆ ತಪ್ಪಾಗುತ್ತದೆ ಎಂದು ಯೋಚಿಸಿ ಕೊನೆಗೆ ಅದನ್ನೂ ಬಿಚ್ಚಿ ಸಮ ಪಾಲು ಮಾಡಿದರು. ಮುಂದಿನ ಅರ್ಧ ಚಿಕ್ಕವನಿಗೆ, ಹಿಂದಿನ ಅರ್ಧ ದೊಡ್ಡವನಿಗೆ. ಹಾರ್ನ್ ಯಾವ ಅರ್ಧಕ್ಕೆ ಸೇರಬೇಕು ಎಂದು ಮಧ್ಯಾಹ್ನವಿಡೀ ಚರ್ಚೆ ನಡೆದದ್ದು ನನಗಿನ್ನೂ ನೆನಪಿದೆ. ಒಂದು ಜೀಪನ್ನು ದೋಸೆಯ ಹಾಗೆ ನಡುವೆ ಹರಿದು ಹಂಚಿಕೊಂಡ ಅಣ್ಣ ತಮ್ಮಂದಿರು ಇಡೀ ಕೊಡಗಿನಲ್ಲಿ ಇವರಿಬ್ಬರೇ ಇರಬೇಕು.

ಹಾಗೆ ನಮ್ಮ ಪಾಲಿಗೆ ಬಂದವು ಎರಡು. ಮುಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್. ಇಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಇನ್ನೊಂದು ಗೇರ್ ಪೆಟ್ಟಿಗೆ. ಇವರು ಎರಡನ್ನೂ ಗೋಣಿಯಲ್ಲಿ ಸುತ್ತಿ ಇಟ್ಟು, ಪ್ರತಿ ಆಯುಧಪೂಜೆಗೆ ಹೊರಗೆ ತೆಗೆದು ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಸುತ್ತಿ ಮಲಗಿಸುತ್ತಿದ್ದರು. ಆಕ್ಸಲ್ಲಿನ ಮಗ್ಗುಲಿಗೆ ಒಂದು ಹ್ಯಾಟೆ ಮೊಟ್ಟೆ ಇಡುವುದು ರೂಢಿ ಮಾಡಿಕೊಂಡಿತ್ತು.

ಮಳೆ ಹಿಡಿದುಕೊಂಡಿದ್ದ ಒಂದು ಮಧ್ಯಾಹ್ನ ನಾನೇ ಮಾತು ತೆಗೆದೆ.

"ರೀ, ಅದಕ್ಕೆ ಪೂಜೆ ಮಾಡಿದ್ದು ಸಾಕು. ಕೆಲಸಕ್ಕೆ ಹಚ್ಚಿ."

ಅಷ್ಟು ವರ್ಷವೂ ಅದೊಂದು ಮಾತಿಗೇ ಕಾದಿದ್ದವರು ಇವರು. ಆದರೂ ಅದೆಲ್ಲ ಹೆಂಗಸರಿಗೆ ಅರ್ಥವಾಗುವಷ್ಟು ಸುಲಭವಲ್ಲ ಎಂದು ಒಂದು ಲೋಟ ಕಾಫಿ ಮುಗಿಯುವವರೆಗೆ ಬಿಗುಮಾನ ಮಾಡಿದರು. ಲೋಟ ಕೆಳಗಿಟ್ಟವರೇ ಛತ್ರಿಯನ್ನೂ ಮರೆತು ಕೊಟ್ಟಿಗೆಗೆ ಓಡಿದರು.

ಶೆಡ್ಡಿನ ಪಕ್ಕದ ಹಲಸಿನ ಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಪಿಕಪ್ಪಿನ ಮೂತಿಯನ್ನು ಮೇಲೆತ್ತಿದರು. ಮುಂದಿನ ಚಕ್ರ, ಅದರ ಹಿಂದಿನ ಕಬ್ಬಿಣ, ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಸಾಮಾನು ಹೊರಗೆ ಬಂದು ನನ್ನ ಅಂಗಳದಲ್ಲಿ ಸಾಲಾಗಿ ಮಲಗಿದವು. ಸುಂಟಿಕೊಪ್ಪದಿಂದ ವೆಲ್ಡಿಂಗ್ ಕೆಲಸದವರೊಬ್ಬರು ಮೂರು ಸಲ ಬಂದು ಹೋದರು. ಮನೆಯಲ್ಲಿ ಮಲಯಾಳ ಮಾತಾಡುವ, ನಮ್ಮೊಡನೆ ಅಳೆದು ತೂಗಿ ಕನ್ನಡ ಆಡುವ ಮನುಷ್ಯ. ಮೊದಲ ದಿನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಅಮ್ಮ, ಇದು ಆಗ್ತದೆ. ಯಾಕೆ ಅಂತ ಮಾತ್ರ ನಂಗೆ ಗೊತ್ತಿಲ್ಲ," ಎಂದರು.

ಗಾಡಿಯ ಒಳಗೆ ಎರಡನೇ ಗೇರಿನ ಕೋಲು ಬರಲು ಸೀಟಿನ ಮುಂದೆ ನೆಲವನ್ನು ಕೊರೆದರು. ಸರಿಯಾಗಿ ನಾನು ಕಾಲು ಇಡುವ ಜಾಗ. ಕೋಲಿನ ತುದಿಗೆ ಹಿಡಿ ಇರಲಿಲ್ಲ. ಮುರಿದ ಲಟ್ಟಣಿಗೆಯ ಹಿಡಿಯನ್ನು ನಾನೇ ತಂದು ಕೂರಿಸಿದೆ, ಚೆನ್ನಾಗಿ ಕೂತಿತು. ನಡುವೆ ಆಯುಧಪೂಜೆ ಬಂತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಬೇಕು, ಗಾಡಿಗೆ ಮುಂದಿನ ಚಕ್ರಗಳೇ ಇಲ್ಲ. ಮುಂದಿನವೂ ಈ ವರ್ಷದಿಂದ ದುಡಿಯಲಿಕ್ಕಿವೆ, ಬಿಡಬಾರದು ಎಂದು ಇವರು ಚಕ್ರ ಇರಬೇಕಾದ ಜಾಗದ ಮರದ ದಿಮ್ಮಿಗಳ ಮುಂದೆ ಒಂದೊಂದು ಇಟ್ಟರು. ಗಾಡಿ ಆ ನಿಂಬೆಹಣ್ಣಿನ ಮೇಲೆ ಹತ್ತಲಿಲ್ಲ. ಮಾರನೆಯ ದಿನ ನಾನು ಶರಬತ್ತು ಮಾಡಿದೆ.

ತಪ್ಪಾದದ್ದು ಎಣಿಸುವಲ್ಲಿ.

ಕೂರಿಸುವ ಮುಂಚೆ ಒಂದು ವಿಷಯ ನೋಡಬೇಕು ಎಂದರು ಇವರು. ಗಾಡಿಯ ಹೊಟ್ಟೆಯಡಿಯ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕ ಹಿಂದೆಯೂ ಮುಂದೆಯೂ ಒಂದೇ ಇರಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಒಂದು ವೇಗ, ಮುಂದಿನದು ಇನ್ನೊಂದು ವೇಗ ಎಂದಾಗಿ ಜಗಳ ಹತ್ತುತ್ತದೆ. ಹಿಂದಿನದನ್ನು ಇವರೇ ತಿರುಗಿಸಿ ಎಣಿಸಿದ್ದರು. ನಾಲ್ಕೂ ಕಾಲು ಸುತ್ತು ಎಂದು ಶೆಡ್ಡಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಾವನವರ ಜೀಪಿನ ಆಕ್ಸಲ್ ಉದ್ದ. ಇವರು ಒಂದು ತುದಿಯಲ್ಲಿ ಕೂತು ಚಕ್ರ ಕೂರುವ ಜಾಗವನ್ನು ತಿರುಗಿಸುವುದು, ಶಾಫ್ಟ್ ಸೇರುವ ನಡುವಿನ ಜಾಗದಲ್ಲಿ ನಾನು ಇಟ್ಟ ಕುಂಕುಮದ ಬೊಟ್ಟು ಎಷ್ಟು ಸಲ ಮೇಲೆ ಬಂತು ಎಂದು ನಾನು ಕೂಗಿ ಹೇಳುವುದು ಎಂದಾಯಿತು.

ನನಗೆ ಎಣಿಸಲು ಕಲಿಸಿದವರು ತವರಿನ ಅಜ್ಜಿ, ಭತ್ತ ಅಳೆಯುವ ಕಣದಲ್ಲಿ. ಮೊದಲ ಕೊಳಗಕ್ಕೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಇವತ್ತಿಗೂ ಮೂಟೆಯಾಗಲಿ ಮೊಟ್ಟೆಯಾಗಲಿ ನಾನು ಶುರು ಮಾಡುವುದು ಹಾಗೆಯೇ. ಬೊಟ್ಟು ಮೇಲೆ ಬಂದಾಗಲೆಲ್ಲ ಕೂಗಿದೆ.

"ಲಾಭ. ಎರಡು. ಮೂರು. ನಾಲ್ಕು. ಐದು. ಮೇಲೊಂದು ಕಾಲು, ಚೂರು ಜಾಸ್ತಿ."

"ಸರಿಯಾಯ್ತು ಬಿಡು," ಎಂದರು ಇವರು, ಬಹಳ ಸಂತೋಷದಿಂದ. ಹಲಗೆಯ ಮೇಲೆ ಬರೆದರು. ನಾನು ಕೈ ತೊಳೆಯಲು ಹೋದೆ. ಕನ್ನಡಕ ಒಳಗಿತ್ತು, ಏನು ಬರೆದರೆಂದು ನೋಡಲಿಲ್ಲ.

ಮಳೆ ಬಿಟ್ಟು ಕೆಲವು ವಾರಗಳಾದ ಮೇಲೆ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿತು. ಮೊದಲು ದನದ ಕೊಟ್ಟಿಗೆಯ ಹಿಂದಿನ ಕೆಸರಿನಲ್ಲಿ ಇಳಿಸಿ ನೋಡಿದರು. ಲಟ್ಟಣಿಗೆ ಎಳೆದದ್ದೇ ತಡ, ನಾಲ್ಕೂ ಚಕ್ರದಿಂದ ಕೆಸರು ಎರಚುತ್ತಾ ಗಾಡಿ ಎಮ್ಮೆ ಎದ್ದು ಬರುವ ಹಾಗೆ ಮೇಲೆ ಬಂತು. ನಾನು ಅಂದೇ ಸೀರೆ ಬದಲಿಸಿ ಅಕ್ಕನ ಮನೆಗೆ ಹೋದೆ. ಕೂರಲಿಲ್ಲ. ನಿಂತೇ ಕಾಫಿ ಕುಡಿದೆ. ಈ ಸಲ ಜೀಪು ಬೇಡ, ನಾಳೆ ಬೆಳಿಗ್ಗೆ ಮೂಟೆ ಹೇರಿಕೊಂಡು ನಮ್ಮ ಗಾಡಿಯೇ ಏರು ಹತ್ತುತ್ತದೆ, ಪುರುಸೊತ್ತಾದರೆ ಬನ್ನಿ ಎಂದು ಕರೆದೆ. ಅಂಗಳದಿಂದ ನೋಡಿದ್ದರೆ ಸಾಕಿತ್ತು, ಆದರೆ ಹತ್ತಿರದಿಂದ ನೋಡಲಿ ಎನ್ನುವುದು ನನ್ನ ಆಸೆ.

ಅವರು ಬಂದರು. ಛತ್ರಿ ಬಿಡಿಸಿಕೊಂಡು ಏರಿನ ನಡುವೆ ಸಿಲ್ವರ್ ಓಕ್ ಮರದ ಕೆಳಗೆ ನಿಂತರು. ನಾನು ಗಾಡಿಯೊಳಗೆ ಇವರ ಪಕ್ಕದಲ್ಲಿ ಕೂತಿದ್ದೆ. ಹಿಂದೆ ಗೊಬ್ಬರದ ಮೂಟೆಗಳು.

ಏರಿನಲ್ಲಿ ಕೆಸರಿರಲಿಲ್ಲ. ಬಿಸಿಲಿಗೆ ಒಣಗಿ ಕಲ್ಲಿನ ಹಾಗಾಗಿತ್ತು, ಕೆಸರಿನಲ್ಲಿ ಜಾರಿದ ಹಾಗೆ ಚಕ್ರಗಳು ಜಾರಿ ಹೊಂದಿಕೊಳ್ಳುವಂತಿರಲಿಲ್ಲ. ಹತ್ತು ಮಾರು ಹೋದೆವು. ಆಮೇಲೆ ಗಾಡಿ ಒಮ್ಮೆ ಕುಪ್ಪಳಿಸಿತು. ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮತ್ತೆ ಕುಪ್ಪಳಿಸಿತು. ಹಿಂದಿನ ಚಕ್ರಗಳು ಹೋಗು ಎನ್ನುತ್ತಿದ್ದವು, ಮುಂದಿನವು ಆಗುವುದಿಲ್ಲ ಎನ್ನುತ್ತಿದ್ದವು, ನಡುವೆ ನಾವಿಬ್ಬರೂ ಬೋಂಡದ ಹಾಗೆ ಹಾರುತ್ತಿದ್ದೆವು. ಸರಿಯಾಗಿ ಛತ್ರಿಯ ಎದುರು ಬಂದಾಗ ಕೆಳಗಿನಿಂದ ಢಣ್ ಎಂದು ಸದ್ದಾಗಿ ಇಂಜಿನ್ ನಿಂತಿತು. ಲಟ್ಟಣಿಗೆಯನ್ನು ಇವರು ಎರಡೂ ಕೈಯಲ್ಲಿ ಹಿಡಿದು ಎಳೆದರೂ ಅಲುಗಲಿಲ್ಲ.

ಅಕ್ಕ ಕಿಟಕಿಯ ಹತ್ತಿರ ಬಂದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ನಾಲ್ಕೂ ಚಕ್ರ ಕೆಲಸ ಮಾಡ್ತಾ ಇದಾವೆ ಅಂತ ಗೊತ್ತಾಯ್ತು," ಎಂದರು. "ಒಂದೇ ಕೆಲಸ ಮಾಡಕ್ಕೆ ಹೇಳು ಅವಕ್ಕೆ."

ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಉರುಳಿಸಿದ ಮೇಲೆ ಕೋಲು ಬಿಟ್ಟುಕೊಂಡಿತು. ಮನೆಗೆ ಬಂದು ಇವರು ಹಲಗೆಯ ಮುಂದೆ ನಿಂತರು. ನಾನು ಈ ಸಲ ಕನ್ನಡಕ ಹಾಕಿಕೊಂಡೇ ಹೋದೆ. ಹಿಂದೆ ನಾಲ್ಕೂ ಕಾಲು. ಮುಂದೆ ನಾಲ್ಕೂ ಕಾಲು, ಚೂರು ಜಾಸ್ತಿ.

"ಐದು ಅಂತ ಕೂಗಿದ್ದೆ ನಾನು," ಎಂದೆ.

"ಹೂಂ. ಐದು ಅಂದೆ. ಲಾಭ ತೆಗ್ದು ನಾಲ್ಕು ಬರ್ಕಂಡೆ."

"ಲಾಭ ಯಾಕ್ರೀ ತೆಗ್ದ್ರಿ?"

"ಲಾಭ ದೇವ್ರದಲ್ವೇನೇ? ಅದು ಲೆಕ್ಕಕ್ಕೆ ಸೇರದಿಲ್ಲ."

ಆಮೇಲೆ ತಿಳಿದದ್ದು ಇಷ್ಟು. ಹಾಸನದ ಕಡೆಯಿಂದ ಬಂದ ಇವರ ಹಿರಿಯರ ಮನೆಯಲ್ಲಿ ಮೊದಲ ಕೊಳಗಕ್ಕೆ ಲಾಭ ಎಂದು ಹೇಳಿ, ಅದನ್ನು ದೇವರ ಹೆಸರಿನಲ್ಲಿ ಬೇರೆಯೇ ಸುರಿಯುತ್ತಿದ್ದರಂತೆ. ಐದು ಎಂದು ಕೂಗಿದರೆ ಕಣಜಕ್ಕೆ ಸೇರಿದ್ದು ನಾಲ್ಕು. ನನ್ನ ತವರಿನಲ್ಲಿ ಲಾಭವೂ ಕಣಜಕ್ಕೇ. ಮದುವೆಯಾಗಿ ನಲವತ್ತಾರು ವರ್ಷ. ಮನೆಯಲ್ಲಿ ಅಳೆಯುವುದು ಯಾವಾಗಲೂ ನಾನೇ ಆದ್ದರಿಂದ ನಮ್ಮಿಬ್ಬರ ಎಣಿಕೆಗೆ ಒಂದರ ವ್ಯತ್ಯಾಸವಿದೆ ಎಂದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಒಂದು ಆಕ್ಸಲ್ ಬರಬೇಕಾಯಿತು. ದೇವರಿಗೆ ಒಂದು ಸುತ್ತು ಶಾಫ್ಟ್ ಕೊಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಿಂದಿನ ಚಕ್ರಕ್ಕೂ ಐದೂ ಕಾಲಿನ ಲೆಕ್ಕವೇ ಬರುವಂತೆ ಮಾಡಬೇಕಿತ್ತು. ಅದಕ್ಕೆ ಹಿಂದಿನ ಆಕ್ಸಲ್ಲಿನ ಹೊಟ್ಟೆಯೊಳಗೆ ತಿರುಗುವ, ಹಲ್ಲಿರುವ ಎರಡು ಗೇರು ಬದಲಿಸಬೇಕು. ಕ್ರೌನ್ ಪಿನಿಯನ್ ಎನ್ನುತ್ತಾರೆ. ಅಷ್ಟು ಹಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಇವರು ಕುಶಾಲನಗರದಿಂದ ಮೂರ್ನಾಡಿನ ತನಕ ಗುಜರಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಎರಡು ದಿನ ಮಂಕಾಗಿ ಕೂತರು. ಪಿಕ್ಕಿಂಗಿಗೆ ಒಂದು ವಾರ ಉಳಿದಿತ್ತು. ಮೂರನೆಯ ದಿನ ರೊಟ್ಟಿ ತಿನ್ನುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಅದ್ರ ಜೊತೆದು ಎಲ್ಲದೆ ಅಂತ ನಂಗೆ ಗೊತ್ತು. ಅಪ್ಪನ ಜೀಪಿನ ಹಿಂದಿನ ಆಕ್ಸಲ್. ಅದ್ರಲ್ಲಿರದೂ ಐದೂ ಕಾಲೇ, ಈ ಗಾಡಿಗೂ ಕೂತ್ಕಳ್ತದೆ."

"ಎಲ್ಲದೆ?"

"ವರ್ಷಕ್ಕೊಂದ್ಸಲ ನೀ ಹೋಗಿ ಕೂತ್ಕಳ್ತೀಯಲ್ಲ, ಅದ್ರ ಮೇಲೇ."

ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ಆ ಹಲಗೆಯ ಕೆಳಗಿನ ತಣ್ಣನೆಯ ಕಬ್ಬಿಣ. ಅಷ್ಟು ವರ್ಷ ಅಲ್ಲಿ ಕೂತು ನನಗೆ ಬೇಕಾದದ್ದು ಎಲ್ಲೆಲ್ಲಿಯೋ ಇದೆ ಎಂದುಕೊಂಡಿದ್ದೆ. ನೀವೇ ಹೋಗಿ ಕೇಳಿ ಎಂದೆ. ಇವರಿಗೆ ತಕ್ಷಣ ಬೆನ್ನುನೋವು ಬಂತು.

ಹೋದೆ. ಅಕ್ಕ ಬೆಂಚು ತೋರಿಸಿದರು. ಕೂತೆ. ಬೆಲ್ಲದ ಕಾಫಿ ಬಂತು. ಮಂಡಿನೋವು ಆಯಿತು. ನನ್ನ ಗಂಡನ ಪೆದ್ದುತನದ ಉದಾಹರಣೆಗೆ ಅವರು ಬಾಯಿ ತೆರೆದಾಗ, ಈ ವರ್ಷ ನನ್ನ ಹತ್ತಿರವೇ ಒಂದಿದೆ ಎಂದು ಲಾಭದ ಕಥೆ ಹೇಳಿದೆ. ಅಕ್ಕ ನಕ್ಕರು. ಎಷ್ಟೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಒಳ್ಳೆಯ ಸಮಯ ಎಂದು ನಾನು ಮೆಲ್ಲಗೆ ವಿಷಯಕ್ಕೆ ಬಂದೆ.

"ಅಕ್ಕ, ಈ ಸಲ ಜೀಪು ಬೇಡ. ಈ ಬೆಂಚು ಬೇಕಿತ್ತು. ಪೂರ್ತಿ ಅಲ್ಲ, ಇದ್ರ ಹೊಟ್ಟೆ ಒಳಗಿಂದು ಅಷ್ಟೇ."

ನಗು ನಿಂತಿತು. ಅವರು ಬಗ್ಗಿ, ಕಂಬಳಿ ಎತ್ತಿ, ನಡುವಿನ ಗುಂಡಗಿನ ಕಬ್ಬಿಣವನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಇದು ನಮಗೆ ಪಾಲಿಗೆ ಬಂದಿದ್ದು," ಎಂದರು. "ಕೊಡಕ್ಕಾಗದಿಲ್ಲ."

ನಾನು ಲೋಟ ಕೆಳಗಿಟ್ಟೆ. ಅವರು ಕಂಬಳಿ ಸರಿ ಮಾಡಿ ಪಕ್ಕದಲ್ಲಿ ಕೂತರು.

"ಕೊಡದಿಲ್ಲ. ಕಡ ಕೊಡ್ತೀನಿ. ವರ್ಷಕ್ಕೊಂದ್ಸಲ ಪಿಕ್ಕಿಂಗಿಗೆ ಮುಂಚೆ ಬಂದು, ಇಲ್ಲೇ ಕೂತು ಕೇಳ್ಬೇಕು ನೀನು. ಒಂದು ವರ್ಷ ತಪ್ಪಿದ್ರೂ ಡ್ರೈವರ್ನ ಕಳಿಸಿ ಬಿಚ್ಚಿಸ್ಕಳ್ತೀನಿ."

"ಜೀಪು ಕೇಳಕ್ಕೆ ಬರದು ತಪ್ಪಲಿ ಅಂತ ತಾನೇ ಅಕ್ಕ ಇಷ್ಟೆಲ್ಲ ಮಾಡಿದ್ದು."

"ಗೊತ್ತು," ಎಂದರು. "ನೀ ಬರದು ತಪ್ಪಿದ್ರೆ ನಿನ್ನ ಗಂಡನ ವಿಷಯ ನಾನು ಯಾರ ಹತ್ರ ಹೇಳ್ಕಳ್ಲಿ?"

ಮಾರನೆಯ ದಿನವೇ ಇವರ ಬೆನ್ನುನೋವು ವಾಸಿಯಾಯಿತು. ಬೆಂಚಿನ ಹೊಟ್ಟೆ ತೆರೆದು ಗೇರುಗಳನ್ನು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ನಮ್ಮ ಗಾಡಿಗೆ ಕೂರಿಸಿದರು. ಖಾಲಿ ಆಕ್ಸಲ್ಲು ಅಕ್ಕನ ಹಲಗೆಯನ್ನು ಹೊತ್ತು ಅಲ್ಲೇ ನಿಂತಿದೆ. ಈ ಸಲ ಎಣಿಸುವಾಗ ನಾನು ಒಂದು ಎಂದೇ ಶುರು ಮಾಡಿದೆ, ಅಜ್ಜಿಯ ಕ್ಷಮೆ ಕೇಳಿಕೊಂಡು.

ಪಿಕ್ಕಿಂಗಿನ ಮೊದಲ ದಿನ ಹಣ್ಣಿನ ಮೂಟೆ ತುಂಬಿದ ಗಾಡಿ ಏರು ಹತ್ತಿತು. ನಮ್ಮಿಬ್ಬರ ನಡುವೆ ಅಕ್ಕ ಕೂತಿದ್ದರು, ಮಂಡಿಯ ಎದುರು ಲಟ್ಟಣಿಗೆ ಹಿಡಿದುಕೊಂಡು. ಗೇರು ಬದಲಿಸಿದ ಮೇಲೆ ನಮ್ಮ ಪಿಕಪ್ಪು ಓಡುವುದನ್ನು ಬಿಟ್ಟು ನಡೆಯುತ್ತದೆ. ಆವತ್ತು ಹ್ಯಾಟೆಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಆದರೆ ಎಲ್ಲೂ ನಿಲ್ಲಲಿಲ್ಲ, ಕುಪ್ಪಳಿಸಲಿಲ್ಲ, ಕಣದ ತನಕ ಬಂತು.

ಈ ವರ್ಷದ ಪಿಕ್ಕಿಂಗ್ ಬರುವ ವಾರ. ಫೋನಿನಲ್ಲಿ ಬರೆಯಲು ಈಗ ಕಲಿತಿದ್ದೇನಲ್ಲ, ಏರು ಇಳಿದು ಹತ್ತುವುದೇಕೆ ಎಂದು ನಿನ್ನೆ ಒಂದು ಗಂಟೆ ಕೂತು, ಒತ್ತಕ್ಷರಗಳನ್ನೆಲ್ಲ ಹುಡುಕಿ, ಅಕ್ಕನಿಗೆ ಚೆನ್ನಾಗಿ ಬರೆದು ಕಳಿಸಿದೆ. ಕ್ರೌನ್ ಪಿನಿಯನ್ನನ್ನು ಈ ವರ್ಷವೂ ದಯಮಾಡಿ ಇಟ್ಟುಕೊಳ್ಳಲು ಕೊಡಬೇಕು ಎಂದು. ಅವರಿಗೆ ಫೋನಿನಲ್ಲಿ ಬರೆಯಲು ಬರುವುದಿಲ್ಲ, ಮಾತಾಡಿ ಕಳಿಸಿದರು.

"ಬೆರಳಲ್ಲಿ ಕೇಳಿದ್ರೆ ಆಗದಿಲ್ಲ. ಬೆಂಚು ಒರೆಸಿಟ್ಟಿದೀನಿ, ಬಾ."

ಆದ್ದರಿಂದ ಹೊರಟಿದ್ದೇನೆ. ಇವರು ಗಾಡಿ ತಿರುಗಿಸಿ ನಿಲ್ಲಿಸಿ ಹಾರ್ನ್ ಬಾರಿಸುತ್ತಿದ್ದಾರೆ. ಕಡ ಕೇಳಬೇಕಾದ ಸಾಮಾನಿನ ಮೇಲೆಯೇ ಕೂತು ಕೇಳಲು ಹೋಗುವುದು ಹೇಗೆ ಕಾಣುತ್ತದೋ ಗೊತ್ತಿಲ್ಲ. ಆದರೆ ಆ ಏರನ್ನು ನಡೆದು ಹತ್ತುವ ವಯಸ್ಸು ನನ್ನದಲ್ಲ.